ಪ್ಲಾಟ್‌ಫಾರ್ಮಿನ ಮೇಲೆ ಕುಳಿತ ಬೆರಳಚ್ಚುಗಾರ್ತಿ

ನನ್ನ ದೊಡ್ಡಮ್ಮನಿಗೆ ಮನೆಯಲ್ಲಿ ಇಟ್ಟಿದ್ದ ಅಡ್ಡಹೆಸರು ಪ್ರಶ್ನೆಪತ್ರಿಕೆ. ಗಡಿಯಾರ ರಿಪೇರಿ ಮಾಡುತ್ತಿದ್ದ ತಾತನ ಮೇಜಿಗೆ ಒರಗಿ ನಿಂತು, ಈ ಚಕ್ರ ಯಾಕೆ ಹಿಂದಕ್ಕೆ ತಿರುಗುತ್ತದೆ, ಆ ಮುಳ್ಳು ಯಾಕೆ ಗಿಡ್ಡ ಎಂದು ತಲೆ ತಿನ್ನುತ್ತಿದ್ದಳಂತೆ. ಎದುರುಮನೆಗೆ ಯಾರು ಬಂದಿಳಿದರೂ ಕಿಟಕಿಯಲ್ಲಿ ಇವಳ ಮುಖ. "ಊರ ಉಸಾಬರಿಯೆಲ್ಲ ನಿನಗ್ಯಾಕೆ?" ಎಂದು ಅಜ್ಜಿ ಗದರುತ್ತಿದ್ದಳು. ಊರ ಉಸಾಬರಿ ಮಾಡುವುದಕ್ಕೇ ಸರ್ಕಾರ ಸಂಬಳ ಕೊಡುವ ಕಚೇರಿಯೊಂದಿದೆ ಎಂದು ಗೊತ್ತಾದ ವಾರವೇ ದೊಡ್ಡಮ್ಮ ಬೆರಳಚ್ಚು ಕಲಿಯಲು ಸೇರಿಕೊಂಡಳು.

ಅದು ರಾಷ್ಟ್ರೀಯ ತನಿಖಾ ಇಲಾಖೆಯ ಕೇಂದ್ರ ಕಚೇರಿ. ಆಗ ಅಲ್ಲಿ ಹೆಂಗಸರಿಗೆ ಇದ್ದದ್ದು ಎರಡೇ ಬಗೆಯ ಕುರ್ಚಿ: ಬೆರಳಚ್ಚು ಯಂತ್ರದ ಮುಂದಿನದು, ಟೆಲಿಫೋನ್ ಬೋರ್ಡಿನ ಮುಂದಿನದು. ಅಧಿಕಾರಿಗಳೆಲ್ಲ ಗಂಡಸರು. ಅವರು ಬರೆದು ಕಳಿಸಿದ ವರದಿಗಳನ್ನು ದೊಡ್ಡಮ್ಮ ಅಚ್ಚು ಮಾಡುತ್ತಿದ್ದಳು. ಅಚ್ಚು ಮಾಡಿ ಸುಮ್ಮನಿರುತ್ತಿರಲಿಲ್ಲ. "ಸಾರ್, ಆಮೇಲೆ ಆ ಕಳ್ಳ ಏನಾದ?" ಎಂದು ಮೆಟ್ಟಿಲಲ್ಲಿ ಅಡ್ಡಗಟ್ಟಿ ಕೇಳುತ್ತಿದ್ದಳು.

ಆ ವರ್ಷ ಒಂದು ಪ್ರಕರಣ ಇಲಾಖೆಯನ್ನು ಕಾಡುತ್ತಿತ್ತು. ಗಡಿಯಾಚೆ ಆಸ್ಪತ್ರೆ ಕೆಲಸ ಕೊಡಿಸುತ್ತೇವೆಂದು ಹುಡುಗಿಯರನ್ನು ಯಾರೋ ಸುಳ್ಳು ಕಾಗದಪತ್ರದ ಮೇಲೆ ರೈಲು ಹತ್ತಿಸುತ್ತಿದ್ದರು. ಹೋದವರ ಸುದ್ದಿಯೇ ಇರುತ್ತಿರಲಿಲ್ಲ. ಹೇಗೋ ತಪ್ಪಿಸಿಕೊಂಡು ಬಂದ ಒಬ್ಬಿಬ್ಬರೂ ಗಂಡಸು ಅಧಿಕಾರಿಗಳ ಮುಂದೆ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ದೊಡ್ಡ ಸಾಹೇಬರು ಬೆರಳಚ್ಚು ಕೋಣೆಗೇ ಬಂದರು. "ಹುಡುಗೀರ್ನ ಕಳಿಸೋ ಒಂದು ಏಜೆನ್ಸಿ ಸುಳಿವು ಸಿಕ್ಕಿದೆ. ಕೆಲಸ ಹುಡುಕೋಳ ಥರ ಅಲ್ಲಿಗೆ ಹೋಗ್ಬೇಕು. ನೋಡ್ಕೊಂಡು ಬರ್ಬೇಕು, ಅಷ್ಟೆ. ಯಾರಿಗಾದ್ರೂ ಧೈರ್ಯ ಇದ್ಯಾ?"

ದೊಡ್ಡಮ್ಮ ಎದ್ದು ನಿಂತಳು. "ಸಾರ್, ಅಲ್ಲಿ ಮಾತಾಡಿಸೋದು ಗಂಡಸಾ, ಹೆಂಗಸಾ?"

"ಹೆಂಗಸು. ಯಾಕೆ?"

"ಹುಡುಗೀರು ಯಾಕೆ ನಂಬಿ ಹೋಗ್ತಾರೆ ಅಂತ ಈಗ ಗೊತ್ತಾಯ್ತು," ಎಂದಳು. ಸಾಹೇಬರು ಅವಳನ್ನೇ ಆರಿಸಿದರು.

ಏಜೆನ್ಸಿಯೆಂದರೆ ಲಾಂಡ್ರಿಯೊಂದರ ಮಹಡಿಯ ಮೇಲಿನ ಕೋಣೆ. ಮೆಟ್ಟಿಲ ತುಂಬ ಸೋಪಿನ ಹಬೆ. ಎಲ್ಲರೂ 'ಅಕ್ಕ' ಎಂದು ಕರೆಯುತ್ತಿದ್ದ ನಡುವಯಸ್ಸಿನ ಹೆಂಗಸು ಬಾಗಿಲಲ್ಲೇ ಕೈ ಹಿಡಿದು, "ಊಟ ಆಯ್ತಾ ತಾಯಿ?" ಎಂದಳು. ದೊಡ್ಡಮ್ಮ ತಬ್ಬಿಬ್ಬಾದಳು. ರಾಕ್ಷಸಿಯನ್ನು ನೋಡಲು ಹೋಗಿದ್ದವಳಿಗೆ ಸ್ವಂತ ಚಿಕ್ಕಮ್ಮನಂಥವಳು ಸಿಕ್ಕಿದ್ದಳು.

ನೋಡಿಕೊಂಡು ಬರುವುದಷ್ಟೇ ಆಗಲಿಲ್ಲ. "ಇವತ್ತೇ ಹೊರಡ್ಬೇಕು, ಸೀಟು ಖಾಲಿ ಇದೆ," ಎಂದು ಅಕ್ಕ ಅವಸರ ಮಾಡಿ, ಇವಳನ್ನೂ ಇನ್ನು ಮೂವರು ಹುಡುಗಿಯರನ್ನೂ ಲಾಂಡ್ರಿಯ ಹಿಂಬಾಗಿಲಿನಿಂದ ಬಟ್ಟೆ ಗಂಟುಗಳ ವ್ಯಾನಿಗೆ ಹತ್ತಿಸಿದಳು. ಮುಂಬಾಗಿಲಿನ ಎದುರು ಪೇಪರು ಓದುತ್ತ ಕಾಯುತ್ತಿದ್ದ ಅಧಿಕಾರಿ ಸಂಜೆಯವರೆಗೂ ಅದೇ ಪೇಪರು ಓದುತ್ತಲೇ ಇದ್ದರು.

ರೈಲಿನಲ್ಲಿ ದೊಡ್ಡಮ್ಮನ ಬಳಿ ಆಯುಧವಿಲ್ಲ, ಬಿಲ್ಲೆಯಿಲ್ಲ. ಬೆರಳಚ್ಚುಗಾರ್ತಿಯರಿಗೆ ಗುರುತಿನ ಚೀಟಿ ಕೊಡುವ ಪದ್ಧತಿಯೇ ಇರಲಿಲ್ಲ. ಆದರೂ ಬಾಯಿ ಹಳೇ ಚಾಳಿ ಬಿಡಲಿಲ್ಲ. "ಅಕ್ಕಾ, ನೀವೂ ಮೊದಲ ಸಲ ಹಿಂಗೇ ಹೋಗಿದ್ರಾ?" ಎಂದು ಕೇಳಿಬಿಟ್ಟಳು. ಅಕ್ಕನ ಮುಖ ಪೆಚ್ಚಾಯಿತು. ಅವಳು ಕಿಟಕಿಯತ್ತ ತಿರುಗಿದಳು.

ಗಡಿ ನಿಲ್ದಾಣದಲ್ಲಿ ಕಾಗದ ತೋರಿಸಲು ಎಲ್ಲರನ್ನೂ ಇಳಿಸಿದರು. ದೊಡ್ಡಮ್ಮ ನೇರ ಪೊಲೀಸಿನವನ ಬಳಿ ಹೋಗಿ ತಾನು ಯಾರೆಂದು ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಗಸು, ಅದೂ ತನಿಖಾ ಇಲಾಖೆ! ಬೆಳಿಗ್ಗೆಯಿಂದ ಯಾರೂ ನಗಿಸಿರ್ಲಿಲ್ಲ ನೋಡು."

"ನನ್ನ ತಂಗಿ ಮಗಳು, ತಲೆ ಸ್ವಲ್ಪ ಸರಿಯಿಲ್ಲ," ಎಂದು ಅಕ್ಕ ಮೆತ್ತಗೆ ಹೇಳಿ ತೋಳು ಹಿಡಿದಳು.

ದೊಡ್ಡಮ್ಮನಿಗೆ ಬೇರೇನೂ ತೋಚಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತುಬಿಟ್ಟಳು. "ಕೇಂದ್ರ ಕಚೇರಿಗೆ ಫೋನ್ ಮಾಡೋವರೆಗೂ ಏಳಲ್ಲ." ಮೂವರು ಹುಡುಗಿಯರು ಮುಖಮುಖ ನೋಡಿಕೊಂಡರು. ಮೊದಲು ಅವರಲ್ಲಿ ಕಿರಿಯಳು ಪಕ್ಕದಲ್ಲಿ ಕುಳಿತಳು, ಆಮೇಲೆ ಉಳಿದವರು. ಇವರ ಕಾಗದ ತಪಾಸಣೆ ಮುಗಿಯದೆ ರೈಲು ಹೊರಡುವ ಹಾಗಿಲ್ಲ, ಪ್ರಯಾಣಿಕರ ಗಲಾಟೆ ಬೇರೆ. ಸ್ಟೇಷನ್ ಮಾಸ್ತರು ಸಿಡಿಮಿಡಿಗುಟ್ಟುತ್ತ, ಪೀಡೆ ತೊಲಗಲಿ ಎಂದು ಫೋನು ತಿರುಗಿಸಿ ಅವಳ ಕೈಗೇ ಕೊಟ್ಟರು.

ಆ ಕಡೆ ಬೋರ್ಡಿನಲ್ಲಿ ಇದ್ದವಳು ದಿನಾ ಇವಳ ಜೊತೆ ಊಟ ಹಂಚಿಕೊಳ್ಳುವ ಗೆಳತಿ. ಇವಳು ಹಲೋ ಎನ್ನುವಷ್ಟರಲ್ಲಿ, "ಎಲ್ಲಿ ಹಾಳಾಗಿ ಹೋಗಿದ್ಯೇ! ಇಲ್ಲಿ ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ!" ಎಂದು ಕಿರುಚಿದಳು. ಆ ಕಿರುಚಾಟ ಪೊಲೀಸಿನವನಿಗೂ ಕೇಳಿಸಿತು. ಅವನ ನಗು ನಿಂತಿತು. ಅಕ್ಕ ಓಡಲು ನೋಡಲಿಲ್ಲ. ಬೆಂಚಿನ ಮೇಲೆ ಕುಸಿದು ಕುಳಿತಳು.

ಹುಡುಗಿಯರು ದೊಡ್ಡಮ್ಮನ ಮುಂದೆ ಮಾತ್ರ ಬಾಯಿ ಬಿಟ್ಟರು. ಅವರ ಹೇಳಿಕೆಗಳನ್ನು ಕೇಳಿಕೊಂಡವಳೂ ಅವಳೇ, ಅಚ್ಚು ಮಾಡಿದವಳೂ ಅವಳೇ. ವರದಿಯಲ್ಲಿ ಮಾತ್ರ 'ಸಿಬ್ಬಂದಿಯ ನೆರವಿನಿಂದ' ಎಂದಷ್ಟೇ ಇತ್ತು. ಅವಳು ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದಳು.

"ಗಂಡಸೇ ಆಗ್ಬೇಕು ಅಂತ ನಿಯಮದಲ್ಲಿ ಎಲ್ಲಿದೆ ಸಾರ್?"

ಸಾಹೇಬರು ಹುಡುಕಿದರು. ಎತ್ತರ ಇತ್ತು, ಉಸಿರೆಳೆದಾಗ ಎದೆ ಎಷ್ಟು ಹಿಗ್ಗಬೇಕೆಂದಿತ್ತು. ಗಂಡಸು ಎಂದು ಎಲ್ಲೂ ಇರಲಿಲ್ಲ. "ಇಲ್ಲ ಕಣಮ್ಮ," ಎಂದರು ಮುಜುಗರದಿಂದ, "ಆದ್ರೆ ಟೇಪು ಹಿಡಿದು ಅಳೆಯೋರು ಯಾರು?"

ಅಳೆಯುವವರು ಸಿಗಲು ಹಲವು ವರ್ಷ ಹಿಡಿಯಿತು. ಅಂತೂ ಅಳತೆಯ ನಿಯಮ ಬದಲಾಗಿ ಹೆಂಗಸರ ಮೊದಲ ತಂಡ ತರಬೇತಿಗೆ ಹೋದಾಗ ದೊಡ್ಡಮ್ಮ ಎಲ್ಲರಿಗಿಂತ ಹಿರಿಯಳು. ಬೂಟುಗಳೆಲ್ಲ ಗಂಡಸರ ಅಳತೆಯವು, ತುದಿಗೆ ಹತ್ತಿ ತುರುಕಿ ಓಡಿದರು. ಮಲಗಲು ಜಾಗವಿಲ್ಲದೆ ಚಿಕಿತ್ಸಾ ಕೊಠಡಿಯಲ್ಲಿ ಮಂಚ ಹಾಕಿಸಿದರು. "ಕಾಯಿಲೆ ಬೀಳೋಕೆ ಮುಂಚೇನೇ ಅಡ್ಮಿಟ್ ಆಗಿದ್ವಿ," ಎಂದು ಅವಳು ಈಗಲೂ ನಗುತ್ತಾಳೆ.

ಅಧಿಕಾರಿಯಾದ ಮೇಲೆ ಅವಳು ಮೊದಲು ಹೋದದ್ದು ಜೈಲಿಗೆ. ಅಕ್ಕ ಹಣ್ಣಾಗಿದ್ದಳು.

"ರೈಲಲ್ಲಿ ಒಂದು ಮಾತು ಕೇಳಿದ್ದೆ. ನೀವು ಹೇಳ್ಲಿಲ್ಲ."

ಅಕ್ಕ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. "ಕೋರ್ಟಲ್ಲಿ ಏನು ಮಾಡಿದೆ ಅಂತ ಕೇಳಿದ್ರು. ನನಗೆ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ. ಕೂತ್ಕೋ," ಎಂದಳು. ಹದಿಹರೆಯದಲ್ಲಿ ತನ್ನನ್ನು ಅದೇ ರೈಲಿಗೆ ಹತ್ತಿಸಿದವನ ಬಗ್ಗೆ ಹೇಳಿದಳು. ಅವನೇ ಇವತ್ತಿಗೂ ಆ ದಂಧೆಯ ಒಡೆಯನಂತೆ.

ಅವನನ್ನು ಹಿಡಿಯಲು ಹೋದ ತಂಡಕ್ಕೆ ದೊಡ್ಡಮ್ಮನೇ ಮುಖ್ಯಸ್ಥೆ. ತೋಟದ ಬಂಗಲೆಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಆ ಮುದುಕ ಅವಳ ಹೆಗಲಾಚೆ ಇಣುಕಿ, "ನಿಮ್ಮ ಸಾಹೇಬ್ರು ಎಲ್ಲಮ್ಮ?" ಎಂದ. ಹಿಂದೆ ನಿಂತಿದ್ದ ಗಂಡಸರಲ್ಲಿ ಒಬ್ಬನೂ ನಗಲಿಲ್ಲ. ಅವಳು ನೀರಿನ ನಲ್ಲಿ ನಿಲ್ಲಿಸಿ, ಅವನ ಕೈಗೆ ಬೇಡಿ ತೊಡಿಸಿದಳು.