ತಂಗಿಯ ಗಂಡನಿಗೊಂದು ಹಳೆಯ ಶಾಪ

ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ. ಎರಡು ಸಾವಿರದ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ನನ್ನ ತಂಗಿಯ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದು, ತಂಗಿಯನ್ನು ಹೊಡೆದು, ಮಕ್ಕಳ ಸಮೇತ ಬೀದಿಗೆ ದಬ್ಬಿದ. ಅವಳು ಹರವೆಯ ನಮ್ಮ ಮನೆಗೆ ಬಂದಳು. ಪಂಚಾಯಿತಿ ಸೇರಿಸಿದೆವು. ಅವನು ಎಲ್ಲರಿಗೂ ಟೀ ಕುಡಿಸಿ, ತಲೆ ಬಾಚಿಕೊಂಡು ಎದ್ದು ಹೋದ.

ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಆ ಊರಲ್ಲಿದ್ದ ಕೇರಳದ ಕಡೆಯ ಪಾದ್ರಿಯೊಬ್ಬರು ಹೀಬ್ರೂ ಪ್ರವಾದಿಗಳ ನುಡಿಗಳಿಗೂ ಕೀರ್ತನೆಗಳಿಗೂ ತಮ್ಮ ಸಭೆಯವರಿಗಾಗಿ ಕನ್ನಡದಲ್ಲಿ ಅನುವಾದವನ್ನೂ ಅರ್ಥವನ್ನೂ ಬರೆಯುತ್ತಿದ್ದರು. ಅವರಿಗೆ ಹೀಬ್ರೂ ಗೊತ್ತು, ಕನ್ನಡ ಅಷ್ಟಕ್ಕಷ್ಟೆ. ನಾವು ಮಾದಪ್ಪನ ಒಕ್ಕಲು. ಆದರೂ ಭಾಷೆ ತಿದ್ದಿಕೊಡಲು ಒಪ್ಪಿಕೊಂಡೆ. ಶನಿವಾರ ಸ್ಕೂಲು ಬಿಟ್ಟ ಮೇಲೆ ಅವರ ವರಾಂಡದಲ್ಲಿ ಕೂರುತ್ತಿದ್ದೆವು.

ಒಂದು ಶನಿವಾರ ಶಾಪದ ಕೀರ್ತನೆಯೊಂದು ಬಂತು. ಮೋಸಹೋದವನೊಬ್ಬ ತನ್ನ ಶತ್ರುವನ್ನು ಬೇರುಸಹಿತ ಕಿತ್ತುಹಾಕೆಂದು ದೇವರ ಮುಂದೆ ಹಟ ಹಿಡಿದಿದ್ದ. ಓದುತ್ತ ನನ್ನ ಮೈ ಬಿಸಿಯಾಯಿತು. ಎಲ್ಲಿಯವನೋ, ಯಾವ ಕಾಲದವನೋ, ನನ್ನ ಹೊಟ್ಟೆಯ ಬೆಂಕಿ ಅವನಿಗೆ ಗೊತ್ತಿತ್ತು.

"ಮೇಷ್ಟ್ರೇ, ಇಲ್ಲಿ ಶತ್ರು ಎಂದರೆ ನಮ್ಮೊಳಗಿನ ಪಾಪ ಎಂದು ಬರೆಯೋಣ," ಅಂದರು ಪಾದ್ರಿ.

ನನ್ನ ಶತ್ರು ನನ್ನೊಳಗಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಹಾಳೆಗಳನ್ನು ಮನೆಗೆ ತಂದೆ.

ಪಾದ್ರಿ ಮೆತ್ತಗೆ ಬರೆದಿದ್ದನ್ನೆಲ್ಲ ಕಿತ್ತು, ನಮ್ಮ ಕಡೆ ಹೆಂಗಸರು ಬೈಯುವ ಖಾರದ ಮಾತು ಹಾಕಿದೆ. ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಂಗಿಗೆ ಗಟ್ಟಿಯಾಗಿ ಓದಿದೆ. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ನಾನು ಇನ್ನೂ ಜೋರಾದೆ. ಮುಂದಿನ ಸಾಲುಗಳು ಶತ್ರುವಿನ ಹೆಂಡತಿಯನ್ನು ವಿಧವೆ ಮಾಡಿ, ಮಕ್ಕಳನ್ನು ತಿರುಪೆಗೆ ಅಟ್ಟುತ್ತಿದ್ದವು. ಅದನ್ನೂ ಅದೇ ಹುರುಪಿನಲ್ಲಿ ಓದಿಬಿಟ್ಟೆ.

ಅವಳ ಕೈ ನಿಂತಿತು. "ಅವ್ನ ಎಂಡ್ತಿ ಅಂದ್ರೆ ನಾನೇ ಅಲ್ವಾ ಕಣಣ್ಣ?"

ಅಷ್ಟು ಹೊತ್ತೂ ಆ ಶಾಪದಲ್ಲಿ ನನಗೆ ಅವನೊಬ್ಬನೇ ಕಂಡಿದ್ದ.

"ನಂದು ಇರ್ಲಿ ಬುಡು," ಅಂದಳು. "ಈ ತಾಳಿ ಕಟ್ಕಂಡು ನಾನೇನ್ ಸುಖವಾಗಿವ್ನಾ? ಮಕ್ಳ ಸಾಲು ಒಂದ ಒಡ್ದಾಕು."

ಮುಂದಿನ ಶನಿವಾರ ಪಾದ್ರಿಯನ್ನು ಕೇಳಿದೆ. "ಅರ್ಥ ಹೇಗಾದರೂ ಹೇಳಬಹುದು ಮೇಷ್ಟ್ರೇ, ಸಾಲು ತೆಗೆಯುವ ಹಾಗಿಲ್ಲ," ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಮನೆಗೆ ಬಂದು ತಂಗಿಗೆ ಹಾಗೇ ಹೇಳಿದೆ.

"ಅಂಗಾರೆ ಅದು ಅವ್ರ ಪದ, ಅವ್ರೇ ಮಡಿಕ್ಕೊಳ್ಲಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡಳು. ಅಂಗಳಕ್ಕಿಳಿದು, ಬೊಗಸೆ ತುಂಬ ಮಣ್ಣು ಬಾಚಿ, ಗುಂಡ್ಲುಪೇಟೆಯ ದಿಕ್ಕಿಗೆ ತೂರಿದಳು.

"ನನ್ನ ಒಡ್ದ ಕೈ ಸೇದೋಗ! ದಬ್ಬುದ್ ಕಾಲು ಬಿದ್ದೋಗ! ಸುಳ್ಳೇಳ್ದ ನಾಲ್ಗೆ ಉದುರೋಗ!"

ಕಣ್ಣು, ಕಿವಿ, ಕರುಳು, ಒಂದನ್ನೂ ಬಿಡಲಿಲ್ಲ. ಆದರೆ ಒಂದು ಮಾತೂ ಅವನ ಮೈ ದಾಟಿ ಆಚೆ ಹೋಗಲಿಲ್ಲ. ಒಂದೊಂದಕ್ಕೂ ನಾನು ಪಕ್ಕದಲ್ಲಿ ನಿಂತು "ಅಂಗೇ ಆಗ್ಲಿ" ಅಂದೆ.