ಚಿಗವ್ವನ ಕೊರಳ ಬೆಳ್ಳಿ ನಾಣ್ಯ

ಅಂಟವಾಳಕಾಯಿ ನೆನೆಸಿದ ನೀರಿನ ವಾಸನೆ ನಿಮಗೂ ಗೊತ್ತಿರಬೇಕು. ಹಬ್ಬ ಬಂತೆಂದು ಇವತ್ತು ಬೆಳ್ಳಿ ಸಾಮಾನು ತೊಳೆಯಲು ಕೂತೆ. ಕುಂಕುಮದ ಬಟ್ಟಲು, ದೀಪ ಎಲ್ಲ ಮುಗಿದ ಮೇಲೆ ಕೈಗೆ ಬಂದದ್ದು ಆ ಹಳೆಯ ನಾಣ್ಯ. ಅಲ್ಲಿಗೆ ನನ್ನ ಕೆಲಸ ನಿಂತಿತು.

ನನ್ನನ್ನು ಹೆತ್ತ ವಾರದೊಳಗೆ ಅವ್ವ ತೀರಿಕೊಂಡಳು. ಆಕೆಯದೊಂದು ಫೋಟೋ ಕೂಡ ಇರಲಿಲ್ಲ. ಅಪ್ಪ ಮರುಮದುವೆಯಾಗಿ ಚಿಗವ್ವನನ್ನು ದೇವದುರ್ಗದ ಮನೆಗೆ ಕರೆತಂದ. ಎರಡನೆಯವಳಾಗಿ ಬಂದವಳು ತೀರಿಹೋದ ಹಿರಿಯಳ ರೂಪವಿರುವ ಬೆಳ್ಳಿಯ ಬಿಲ್ಲೆಯನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಹಿರಿಯಳು ಮುನಿಯುತ್ತಾಳೆ ಎಂಬುದು ನಮ್ಮವರ ನಂಬಿಕೆ. ಅಪ್ಪ ಹೊಸದು ಮಾಡಿಸಲಿಲ್ಲ. ಮಾನ್ವಿ ಕಡೆ ಕಾಲುವೆ ತೋಡುವಾಗ ಸಿಕ್ಕಿದ್ದೆಂದು ಯಾರೋ ಕೊಟ್ಟ ಬೆಳ್ಳಿ ನಾಣ್ಯವೊಂದು ಅವನ ಹತ್ತಿರ ಇತ್ತು. ಅದರ ಮೇಲೊಂದು ಮುಖ, ಕತ್ತಿನ ಹಿಂದೆ ಇಳಿಬಿದ್ದ ಜಡೆ. ಅದಕ್ಕೇ ಕೊಂಡಿ ಹಾಕಿಸಿದ.

ನನಗೆ ಅದೇ ಅವ್ವನ ಮುಖ. ನಾಣ್ಯದ ಮೂಗು ಉದ್ದ, ನನ್ನದು ಮೊಂಡ. ಕನ್ನಡಿ ಮುಂದೆ ನಿಂತು ಮೂಗು ಎಳೆದೆಳೆದು ನೋಡಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಚಿಗವ್ವನ ಚೊಚ್ಚಲ ಕೂಸು ಜ್ವರ ಬಂದು ಹೋಯಿತು. "ಹಿರಿಯಾಕಿ ಒಯ್ದಳು" ಎಂದರು ಓಣಿಯ ಹೆಂಗಸರು. ಮತ್ತೆ ಆಕೆಗೆ ಮಕ್ಕಳಾಗಲಿಲ್ಲ. ಅಂದಿನಿಂದ ದಿನಾ ತನಗಿಂತ ಮೊದಲು ನಾಣ್ಯದ ಹಣೆಗೆ ಕುಂಕುಮ ಹಚ್ಚಿ, "ಅಕ್ಕಾ, ಸಿಟ್ಟು ಬಿಡವ್ವ" ಅನ್ನುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನಲ್ಲಿ ಕಾಲೇಜು ಸೇರಿದೆ. ಇತಿಹಾಸದ ಸರ್ ಒಂದು ದಿನ ಪುಸ್ತಕ ಬಿಚ್ಚಿ ಚಿತ್ರ ತೋರಿಸಿದರು. ನೋಡಿದರೆ ನಮ್ಮವ್ವ. ಅದು ರೋಮ್ ದೊರೆಯೊಬ್ಬನ ನಾಣ್ಯವಂತೆ, ವ್ಯಾಪಾರದ ಕಾಲಕ್ಕೆ ನಮ್ಮ ಕಡೆ ಬಂದದ್ದು. ಜಡೆಯೆಂದು ನಾವು ತಿಳಿದದ್ದು ಅವನ ತಲೆಗೆ ಸುತ್ತಿದ ಎಲೆಮಾಲೆಯ ಪಟ್ಟಿ. ಹಿಂಬದಿಯಲ್ಲಿ ಕೂತ ಹೆಂಗಸು ಅವನ ತಾಯಿ ಇರಬಹುದು ಎಂದರು. ಪಾಪ, ಅವರು ಪಾಠ ಮಾಡುತ್ತಿದ್ದರು. ನಾನು ಎರಡನೇ ಸಲ ತಬ್ಬಲಿಯಾಗುತ್ತಿದ್ದೆ.

ರಜೆಗೆ ಊರಿಗೆ ಹೋದವಳು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಚಿಗವ್ವನ ಕೈ ನಿಂತಿತು.

"ಹಂಗಾರ ನನ್ನ ಕೂಸನ್ನ ಅಕ್ಕ ಒಯ್ದಿಲ್ಲೇನು?"

"ಜ್ವರ ಒಯ್ತು ಚಿಗವ್ವ. ಇದರಾಗ ಅವ್ವ ಇರಲೇ ಇಲ್ಲ."

"ಇಷ್ಟು ವರ್ಷ ಸುಮ್ಮಸುಮ್ಮನ ಆಕಿ ಮ್ಯಾಲ ಹೊರಿಸಿದ್ನಲ್ಲ, ಯವ್ವಾ" ಎಂದು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತಿನ ಮೇಲೆ ನಾಣ್ಯ ತಿರುವಿ ಕೇಳಿದಳು, "ಹಿಂದ ಕುಂತಾಕಿ ಯಾರು?"

"ರಾಜನ ತಾಯಿ ಇರಬೇಕಂತಾರ."

"ತಾಯಿ ಅಂದಮ್ಯಾಲ ಅಕ್ಕ ಇಲ್ಲೇ ಕುಂತಾಳ" ಎಂದು ಆ ಮಗ್ಗುಲನ್ನೇ ಹೊರಗೆ ಮಾಡಿ ಹಾಕಿಕೊಂಡಳು. ಸಾಯುವವರೆಗೂ ಹಾಗೆಯೇ ಇತ್ತು.

ಈಗ ನಾಣ್ಯದ ಎರಡೂ ಮಗ್ಗುಲು ಸವೆದಿವೆ. ನೊರೆಯಲ್ಲಿ ಅದನ್ನು ತಿಕ್ಕುತ್ತಿದ್ದಾಗ, ಇಷ್ಟು ವಯಸ್ಸಾದರೂ ನನಗೆ ಹೊಳೆಯದಿದ್ದ ಮಾತೊಂದು ಹೊಳೆಯಿತು. ತನ್ನ ಕೂಸನ್ನು ನಮ್ಮವ್ವನೇ ಒಯ್ದಳೆಂದು ಚಿಗವ್ವ ಅಷ್ಟು ವರ್ಷ ನಂಬಿದ್ದಳಲ್ಲ. ಆ ವರ್ಷಗಳಲ್ಲೆಲ್ಲ ದಿನಾ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಹಿಕ್ಕಿ, ಹೆಣೆದು ಸಾಲಿಗೆ ಕಳಿಸಿದವಳು ಅವಳೇ. ಒಮ್ಮೆಯೂ ಕೂದಲು ಜಗ್ಗಿ ನೋಯಿಸಿದ್ದು ನನಗೆ ನೆನಪಿಲ್ಲ.