ತೊಗರಿಗೆ ಹೊಡೆಯುವ ಎಣ್ಣೆ

ಹೋದ ತಿಂಗಳು ಮದುವೆಯೊಂದಕ್ಕೆಂದು ಕಲಬುರಗಿಯಿಂದ ಸೇಡಂಗೆ ಬಸ್ಸಿನಲ್ಲಿ ಹೊರಟಿದ್ದೆ. ಮಳಖೇಡದಲ್ಲಿ ಹತ್ತಿದ ರೈತನೊಬ್ಬ ತನ್ನ ಕೈಚೀಲವನ್ನು ನನ್ನ ಸೀಟಿನ ಕೆಳಗೆ ತಳ್ಳಿ ನಿಂತುಕೊಂಡ. ಚೀಲದೊಳಗಿನ ಡಬ್ಬಿಯ ಮುಚ್ಚಳ ಸಡಿಲಾಗಿತ್ತೋ ಏನೋ, ಸ್ವಲ್ಪ ಹೊತ್ತಿನಲ್ಲಿ ವಾಸನೆ ಏರತೊಡಗಿತು. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಕಂಡಕ್ಟರ್ ಬೈದ, ಯಾರೋ ಕಿಟಕಿ ತೆರೆದರು. ನನ್ನ ಎರಡೂ ಕೈಗಳು ಮಾತ್ರ ಅಷ್ಟರಲ್ಲಿ ತಲೆಯ ಮೇಲೆ ಹೋಗಿದ್ದವು. ಪಕ್ಕದಲ್ಲಿದ್ದ ಹುಡುಗಿ, “ತಲಿ ನೋಯಲಿಕತ್ತದೇನ್ರಿ?” ಎಂದು ಕೇಳಿದಳು. ಇಲ್ಲ ಎಂದೆ. ಕೈ ತೆಗೆಯಲು ಮಾತ್ರ ಆಗಲಿಲ್ಲ...

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣೆ ಎಂದೇ ಹೆಸರು. ಒಗ್ಗರಣೆಗೆ ಹಾಕುವುದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ತೊಗರಿಗೆ ಹೊಡೆಯುವುದೂ ಎಣ್ಣೆ. ಈಗಲೂ ಹಾಗೇ ಅನ್ನುತ್ತಾರೆ.

ನನಗಾಗ ಒಂಬತ್ತು ವರ್ಷ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷವೋ ಅದರ ಹಿಂದಿನದೋ ಇರಬೇಕು. ಅಪ್ಪ ಸೇಡಂನಲ್ಲಿ ಮಾಸ್ತರರಾಗಿದ್ದರು. ಫರಸಿ ಕಲ್ಲು ಹಾಸಿದ ಎರಡು ಕೋಣೆಗಳ ಬಾಡಿಗೆ ಮನೆ ನಮ್ಮದು. ಎದೆಯೆತ್ತರದ ಗೋಡೆಯ ಆಚೆ ಅತ್ತಿಯ ಮನೆ, ಮನೆಗೆ ಹೊಂದಿ ದನದ ಕೊಟ್ಟಿಗೆ. ನಾನು ಅತ್ತಿ ಎನ್ನುತ್ತಿದ್ದರೂ ಆಕೆ ನಮಗೆ ಸಂಬಂಧಿಯಲ್ಲ. ಒಕ್ಕಲುತನದ ಮನೆಯಾಕೆ, ತಾಂಡೂರಿನ ಕಡೆಯಿಂದ ಸೊಸೆಯಾಗಿ ಬಂದವಳು. ಹಾಗಾಗಿ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ “ಬಿಡ್ಡ”, ಅಂದರೆ ಕೂಸೇ, ಎನ್ನುತ್ತಿದ್ದಳು. ಎತ್ತರದ ಹೆಂಗಸು. ಮೊಣಕೈವರೆಗೂ ಹಸಿರು ಬಳೆ. ಕಂಕುಳಲ್ಲಿ ಎದೆಹಾಲು ಬಿಡದ ಮಗ. ನಕ್ಕರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು.

ಆ ವರ್ಷ ಅವ್ವ ಹೆರಿಗೆಗೆಂದು ಶಹಾಬಾದಿನ ತವರಿಗೆ ಹೋಗಿದ್ದಳು. ಹೋಗುವಾಗ ಗೋಡೆಯ ಬಳಿ ನಿಂತು, “ಈಕಿನ್ನ ನಿಮ್ಮ ಉಡ್ಯಾಗ ಹಾಕಿ ಹೋಗಲಿಕತ್ತೀನಿ ನೋಡ್ರಿ” ಎಂದಿದ್ದಳು. ಅತ್ತಿ ಅದನ್ನು ಸುಮ್ಮನೆ ಆಡಿದ ಮಾತೆಂದು ತಿಳಿಯಲಿಲ್ಲ. ಬೆಳಿಗ್ಗೆ ನನ್ನ ತಲೆ ಬಾಚಿ ಹೆಳಲು ಹಾಕುವುದು, ಮಧ್ಯಾಹ್ನ ರೊಟ್ಟಿ ಕೊಡುವುದು, ಅಪ್ಪ ಬರುವತನಕ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಆಕೆಯದೇ ಆಯಿತು.

ಮಳೆ ಹಿಂದೆ ಸರಿದು ತೊಗರಿ ಹೂ ಕಟ್ಟುವ ಹೊತ್ತಿಗೆ ಕೊಟ್ಟಿಗೆಯ ಕಡೆಯಿಂದ ನುಸಿ ಎದ್ದವು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು, ಕೂದಲೊಳಗೆ ಹೊಕ್ಕು ಕಡಿಯುತ್ತಿದ್ದವು. ಮಂಚದಲ್ಲಿ ತಗಣಿ ಬೇರೆ. ತಲೆಯ ತುಂಬ ಗುಳ್ಳೆಯೆದ್ದು, ಕೆರೆದು ಕೆರೆದು ಗುಳ್ಳೆ ಹುಣ್ಣಾದವು. ಉಗುರಿನಲ್ಲಿ ರಕ್ತ ಬರುತ್ತಿತ್ತು. ಆದರೂ ಕೈ ನಿಲ್ಲುತ್ತಿರಲಿಲ್ಲ. ಸಾಲಿಯಲ್ಲಿ ಹುಡುಗಿಯರು ನನ್ನಿಂದ ದೂರ ಸರಿದು ಕುಳಿತರು. ಅತ್ತಿ ಬೇವಿನ ಎಲೆ ಕುದಿಸಿದ ನೀರಿನಲ್ಲಿ ತಲೆ ತೊಳೆದಳು. ಹುಳಿ ಮಜ್ಜಿಗೆ ಹಚ್ಚಿದಳು. ಕೂದಲು ಬಿಡಿಸಿ ಬಿಡಿಸಿ ಬಾಯಿಂದ ಗಾಳಿ ಊದಿದಳು. ಊದಿದಾಗ ತಣ್ಣಗೆನಿಸುತ್ತಿತ್ತು, ನಿಲ್ಲಿಸಿದ ಕೂಡಲೇ ಮತ್ತೆ ಶುರು.

“ಕಡೀಲಿಕತ್ತದ ಅತ್ತಿ, ಭಾಳ ಕಡೀಲಿಕತ್ತದ,” ಎಂದು ನಾನು ಅವಳ ಸೀರೆ ಹಿಡಿದು ಅತ್ತೆ.

ದೀಪಾವಳಿ ಹತ್ತಿರ ಬಂದಿತ್ತು. ಅದೊಂದು ರವಿವಾರ ಅಪ್ಪ ಸಾಲಿಯ ಏನೋ ಕೆಲಸಕ್ಕೆಂದು ಹೆಡ್‌ಮಾಸ್ತರರ ಮನೆಗೆ ಹೋಗಿದ್ದರು. ಅತ್ತಿ ಕೊಟ್ಟಿಗೆಯ ಗೂಡಿನಿಂದ ಒಂದು ಗಾಜಿನ ಬಾಟಲಿ ತಂದಳು. ಚೀಟಿಯಿಲ್ಲದ, ಬಟ್ಟೆಯ ಬಿರಡೆ ತುರುಕಿದ ಬಾಟಲಿ. ಅವಳ ಗಂಡ ಪಕ್ಕದ ಹೊಲದವರಿಂದ ಸ್ವಲ್ಪ ಕೇಳಿ ತಂದಿಟ್ಟಿದ್ದ ಎಣ್ಣೆ ಅದು. ಬಟ್ಟಲಿನಲ್ಲಿದ್ದ ಕುಸುಬಿ ಎಣ್ಣೆಗೆ ಅದರಿಂದ ನಾಲ್ಕು ಹನಿ ಬಿಟ್ಟು ಬೆರಳಿನಿಂದಲೇ ಕಲಸಿದಳು.

“ತೊಗರಿಯಾಗಿನ ಹುಳ ಇದು ಬಿದ್ದ ಕೂಡಲೇ ಉದರತಾವ ಬಿಡ್ಡ. ನಿನ್ನ ತಲಿಯಾಗಿನವು ಉಳೀತಾವೇನು?” ಎಂದು ನಕ್ಕಳು.

ಹಚ್ಚಿದಾಗ ಮೊದಲು ಉರಿಯಿತು. ಆಮೇಲೆ ಏನು ಹೇಳಲಿ, ತುರಿಕೆ ನಿಂತೇಹೋಯಿತು! ಎಷ್ಟೋ ದಿನಗಳ ಮೇಲೆ ತಲೆ ನನ್ನದಾಗಿತ್ತು. ಅತ್ತಿ ತಲೆಗೊಂದು ಬಟ್ಟೆ ಕಟ್ಟಿ, ಅಂಗಳದ ಬಿಸಿಲಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡಳು. ನಾನು ಸುಖವಾಗಿ ನಿದ್ದೆ ಹೋದೆ.

ಎಚ್ಚರಾದಾಗ ಬಾಯಿ ತುಂಬ ಜೊಲ್ಲು. ಉಗುಳಿದರೂ ಮತ್ತೆ ತುಂಬುತ್ತಿತ್ತು. ಬಿಸಿಲಿದ್ದರೂ ಅಂಗಳ ಮಸುಕಾಗಿ ಕಾಣುತ್ತಿತ್ತು, ದೀಪ ಸಣ್ಣ ಮಾಡಿದ ಹಾಗೆ. ವಾಂತಿಯಾಯಿತು. ಎದೆಯ ಮೇಲೆ ಯಾರೋ ಕೂತಂತೆ ಉಸಿರು ಸಿಕ್ಕಿಕೊಂಡಿತು. ತೊಡೆಯ ಮಾಂಸ ತನ್ನಷ್ಟಕ್ಕೆ ತಾನು ಪಟಪಟ ಅದುರುವುದನ್ನು ನಾನೇ ನೋಡಿದೆ. ಅದು ನನ್ನ ಕಾಲೆಂದು ಅನಿಸಲಿಲ್ಲ. ಸಾಯುವುದೆಂದರೆ ಇದೇ ಎಂದು ನನಗೆ ಹೇಗೆ ಗೊತ್ತಾಯಿತೋ. ಅವ್ವನನ್ನು ಕರೆಯಬೇಕೆಂದರೆ ನಾಲಗೆ ಏಳಲಿಲ್ಲ.

ಓಣಿಯ ಹೆಂಗಸರು ಕೂಡಿದರು. ಒಬ್ಬಳು, “ಕೂಸಿಗೆ ಗಾಳಿ ಬಡದದ, ನಿಂಬಿಹಣ್ಣು ತರ್ರಿ” ಎಂದಳು. ಇನ್ನೊಬ್ಬಳು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರಲು ಓಡಿದಳು. ಅತ್ತಿ ಅವರೊಂದಿಗೆ ಸುಮ್ಮನಿದ್ದುಬಿಡಬಹುದಿತ್ತು. ತಲೆಗೆ ಕಟ್ಟಿದ ಬಟ್ಟೆಯೊಳಗೆ ಏನಿದೆಯೆಂದು ಅವಳಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ಗಾಳಿ ಅಲ್ಲ, ದೃಷ್ಟಿ ಅಲ್ಲ!” ಅವಳು ಕೂಗಿದ್ದು ಈಗಲೂ ಕಿವಿಯಲ್ಲಿದೆ. “ನಾ ಮಾಡೀನ್ರೆವ್ವ, ನಾ! ತೊಗರಿ ಎಣ್ಣಿ ಹಚ್ಚೀನಿ. ದಾರಿ ಬಿಡ್ರಿ!”

ತಲೆಯ ಬಟ್ಟೆ ಕಿತ್ತೊಗೆದು ಕೊಡದ ನೀರನ್ನೇ ಸುರಿದಳು. ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಮಗನನ್ನು ಯಾರದೋ ಕೈಗೆ ಕೊಟ್ಟು, ನನ್ನನ್ನು ಹೆಗಲಿಗೆ ಹಾಕಿಕೊಂಡು ಸರಕಾರಿ ದವಾಖಾನೆಗೆ ಓಡಿದಳು. ಓಡುವಾಗ ಅವಳ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಬೇರೆ ಏನೂ ಹೇಳುತ್ತಿರಲಿಲ್ಲ. “ಬಿಡ್ಡ... ಬಿಡ್ಡ...” ಅಷ್ಟೇ.

ಡಾಕ್ಟರು ಏನು ಕಡಿದಿದೆ, ಏನು ತಿಂದಿದ್ದಾಳೆ ಎಂದು ಕೇಳುವ ಮೊದಲೇ ಅವಳು ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳಂತೆ. ಅವರು ಬಿರಡೆ ತೆಗೆದು ಮೂಸಿ ನೋಡಿ, ತಕ್ಷಣ ಇಂಜೆಕ್ಷನ್ ತರಲು ಹೇಳಿದರಂತೆ. ನನ್ನ ಕೂದಲನ್ನು ಬುಡಕ್ಕೆ ಕತ್ತರಿಸಿ, ತಲೆಯನ್ನು ಸಾಬೂನಿನಿಂದ ಮತ್ತೆ ಮತ್ತೆ ತೊಳೆದರು. ನನಗೆ ನೆನಪಿರುವುದು ಕತ್ತರಿಯ ಸಪ್ಪಳ, ಆಮೇಲೆ ಬಾಯಿ ಒಣಗಿ ಹಂಚಿನಂತಾದದ್ದು, ಬಾಗಿಲಲ್ಲಿ ಅಪ್ಪ ಚಪ್ಪಲಿಯಿಲ್ಲದೆ ನಿಂತದ್ದು. ಅತ್ತಿ ಅಪ್ಪನ ಮುಂದೆ ನೆಲಕ್ಕೆ ಕುಸಿದು ಕುಳಿತಿದ್ದಳು. ಬೆರಳಿನಿಂದ ಕಲಸಿದ್ದರಿಂದ ಅವಳಿಗೂ ವಿಷ ಏರಿತ್ತು; ಅವಳೂ ವಾಂತಿ ಮಾಡುತ್ತಿದ್ದಳು.

“ನನ್ನ ಪೊಲೀಸರಿಗೆ ಕೊಡ್ರಿ ಮಾಸ್ತರ್ರ,” ಎಂದಳು.

ಅಪ್ಪ ಅವಳ ಕೈ ನೋಡಿದರು. “ಮೊದಲ ಕೈ ತೊಳಕೊಳ್ರಿ. ನಿಮ್ಮ ಕೂಸಿಗಿ ಹಾಲು ಕುಡಸಬೇಕಲ್ಲ,” ಎಂದರು. ಇಂಜೆಕ್ಷನ್ ಕೊಟ್ಟ ನರ್ಸು ನಮ್ಮ ಮನೆಗೆ ಬಂದಾಗಲೆಲ್ಲ ಇದನ್ನು ಹೇಳುತ್ತಿದ್ದಳು. ಬಾಟಲಿ ತಂದದ್ದರಿಂದ ಹುಡುಗಿ ಉಳಿದಳು, ಇಲ್ಲದಿದ್ದರೆ ನಾವು ಬೇರೇನೋ ಹುಡುಕುತ್ತ ಕೂಡುತ್ತಿದ್ದೆವು ಎಂದು ಡಾಕ್ಟರು ಅಂದರೆಂಬುದೂ ಅವಳಿಂದಲೇ ತಿಳಿದದ್ದು.

ಅವ್ವ ಎಳೆಬಾಣಂತಿ, ತಮ್ಮನನ್ನು ಎತ್ತಿಕೊಂಡು ಓಡಿಬಂದಳು. ನನ್ನ ಬೋಳುತಲೆ ನೋಡಿ ಮೊದಲು ಅತ್ತಳು, ಆಮೇಲೆ ಗೋಡೆಯ ಬಳಿ ಹೋಗಿ ಅತ್ತಿಯ ಕೈ ಮುರಿದು ಬೀಳಲೆಂದು ಶಾಪ ಹಾಕಿದಳು. ಅಂದಿನಿಂದ ಅತ್ತಿಯ ಆ ನಗು ನಿಂತಿತು.

ನನ್ನ ಭಯ ಬೇರೆಯೇ ಬಗೆಯದು. ಅತ್ತಿಯ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಅವಳ ಬಳೆಯ ಸಪ್ಪಳ ಕೇಳಿದರೆ ಕಾಲಲ್ಲಿ ಆ ಪಟಪಟ ಶುರುವಾದಂತೆನಿಸಿ ಒಳಗೆ ಓಡಿ ಜ್ವಾಳದ ಚೀಲದ ಹಿಂದೆ ಕೂಡುತ್ತಿದ್ದೆ. ಅವ್ವ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರೂ ಚೀರುತ್ತಿದ್ದೆ. ಆ ಸಲ ದೀಪಾವಳಿಯ ಎಣ್ಣೆಸ್ನಾನ ನನಗಾಗಲಿಲ್ಲ. ಎಷ್ಟೋ ತಿಂಗಳು ನನ್ನ ತಲೆಗೆ ಬರೀ ನೀರೇ.

ತುರಿಕೆ ಮಾತ್ರ ಭಯಕ್ಕೆ ಹೆದರಿ ಓಡಲಿಲ್ಲ. ಬೋಳುತಲೆಯ ಮೇಲೆ ನುಸಿಗೆ ಇನ್ನೂ ಸಲೀಸು. ಉಗುರು ಕತ್ತರಿಸಿರಿ, ಕೆರೆಯಲು ಬಿಡಬೇಡಿರಿ, ತಣ್ಣೀರಿನ ಬಟ್ಟೆ ಒತ್ತಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದನ್ನು ದವಾಖಾನೆಯ ಬಾಗಿಲಲ್ಲಿ ನಿಂತು ಅತ್ತಿಯೂ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ದಿನಾ ಮಧ್ಯಾಹ್ನ ಗೋಡೆಯ ಮೇಲೆ ಒಂದು ಸಣ್ಣ ಮಣ್ಣಿನ ಗಡಿಗೆ ಬರತೊಡಗಿತು. ತಣ್ಣೀರು, ಅದರೊಳಗೆ ಒಗೆದ ಬಿಳಿ ಬಟ್ಟೆ. ಅವ್ವ ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆಗೆ ಗಡಿಗೆ ಹಾಗೇ ಹಿಂದಕ್ಕೆ ಹೋಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ತಮ್ಮನ ಜೊತೆ ಮಲಗಿದ್ದಳು. ನಮ್ಮ ಕೊಡದ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ತಲೆ ಕಡಿತ ತಡೆಯಲಾಗದೆ ನಾನು ಗೋಡೆಯ ಬಳಿ ಹೋಗಿ ಗಡಿಗೆಗೆ ಮೂಗು ಹಚ್ಚಿದೆ. ಮಣ್ಣಿನ ವಾಸನೆ. ಮತ್ತೆ ಮೂಸಿದೆ. ಬೆರಳು ಅದ್ದಲು ಧೈರ್ಯ ಬರಲಿಲ್ಲ. ತಲೆಯೆತ್ತಿದರೆ ಕೊಟ್ಟಿಗೆಯ ಕಂಬದ ಹಿಂದೆ ಅತ್ತಿ ನಿಂತಿದ್ದಳು. ನನಗೆ ಓಡಲೂ ಆಗಲಿಲ್ಲ.

“ಬರೇ ನೀರದ ಬಿಡ್ಡ,” ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವಳದೆಂದು ನಂಬಲಾಗಲಿಲ್ಲ. “ನಿಂದರು. ನಾ ಕುಡದು ತೋರಸ್ತೀನಿ.”

ಮೆಲ್ಲಗೆ ಬಂದು ಗಡಿಗೆಯೆತ್ತಿ ಗಟಗಟ ಕುಡಿದಳು. ಉಳಿದ ನೀರನ್ನು ಗೋಡೆಯ ಮೇಲಿಟ್ಟು, ನನಗೆ ಅವಳ ಮೈ ತಾಗದಷ್ಟು ಹಿಂದೆ ಸರಿದು ನಿಂತಳು. ನಾನು ಬಟ್ಟೆ ಹಿಂಡಿ ತಲೆಯ ಮೇಲೆ ಒತ್ತಿಕೊಂಡೆ. ತಂಪು ಹುಣ್ಣುಗಳೊಳಗೆ ಇಳಿಯಿತು. ಹಾಯೆನಿಸಿತು.

“ಕೆರೀಬ್ಯಾಡ, ಒತ್ತು... ಹಾಂ, ಹಂಗ,” ಎಂದು ಅವಳು ದೂರದಿಂದಲೇ ಹೇಳಿದಳು.

ಅವ್ವ ಒಳಗಿನಿಂದ ನೋಡಿದ್ದಳೋ ಏನೋ, ಅದರ ಮರುದಿನದಿಂದ ಅವಳೇ ಗಡಿಗೆಯನ್ನು ಒಳಗೆ ತಂದುಕೊಡತೊಡಗಿದಳು. ಅವರಿಬ್ಬರ ನಡುವೆ ಮಾತು ಮತ್ತೆ ಹುಟ್ಟಿದ್ದು ಯಾವಾಗ, ಯಾವುದರ ಮೇಲೆ ಎಂದು ನನಗೆ ನೆನಪಾಗುತ್ತಿಲ್ಲ...

ನಾನು ಏಳನೆಯ ಇಯತ್ತೆ ಮುಗಿಸಿದಾಗ ಅಪ್ಪನಿಗೆ ಚಿತ್ತಾಪುರಕ್ಕೆ ವರ್ಗವಾಯಿತು. ಕೂದಲು ಅಷ್ಟರಲ್ಲಿ ಸೊಂಟದವರೆಗೆ ಬೆಳೆದಿತ್ತು. ಸಾಮಾನು ಲಾರಿಗೆ ಏರುತ್ತಿದ್ದಾಗ ನಾನು ಹಣಿಗೆ ಹಿಡಿದು ಅತ್ತಿಯ ಅಂಗಳಕ್ಕೆ ಹೋದೆ. ಅವಳಿಗೆ ಬೆನ್ನು ಮಾಡಿ ಕುಳಿತು ಹಣಿಗೆಯನ್ನು ಹಿಂದಕ್ಕೆ ಚಾಚಿದೆ.

“ಹೆಳಲ ಹಾಕು ಅತ್ತಿ.”

“ಬ್ಯಾಡ ಬಿಡ್ಡ. ನನ್ನ ಕೈ ಛಲೋ ಅಲ್ಲ.”

“ಲಾರಿ ಹೋಗತದ. ಹಾಕು.”

ಅವಳು ಎದ್ದು ಹೋದಳು. ಬಚ್ಚಲಿನಲ್ಲಿ ನೀರಿನ ಸಪ್ಪಳ ಬಹಳ ಹೊತ್ತು ಕೇಳಿಸಿತು. ಬಂದವಳು ಮೊದಲು ತನ್ನ ಕೈ ತಾನೇ ಮೂಸಿಕೊಂಡಳು, ಆಮೇಲೆ ಎರಡೂ ಅಂಗೈಗಳನ್ನು ನನ್ನ ಮೂಗಿಗೆ ಹಿಡಿದಳು. ಸಾಬೂನಿನ ವಾಸನೆ. ಎಣ್ಣೆ ಹಚ್ಚಲಿಲ್ಲ, ನೀರು ಸವರಿ ಬಾಚಿದಳು. ಅವಳ ಬೆರಳು ನೆತ್ತಿಗೆ ತಾಗಿದಾಗ ನನ್ನ ಬೆನ್ನಿನಲ್ಲಿ ಚಳಿ ಎದ್ದದ್ದು ನಿಜ. ಅವಳ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಹೆಳಲು ಸೊಟ್ಟಗಾಯಿತು. ಲಾರಿಯ ಬಳಿ ಅವ್ವ ಅದನ್ನು ನೋಡಿದಳು. ಬಿಚ್ಚಿ ಮತ್ತೆ ಹಾಕಲಿಲ್ಲ.

ಆಮೇಲೆ ನಾನು ಅವಳನ್ನು ನೋಡಲೇ ಇಲ್ಲ. ವಾಡಿಯಲ್ಲಿ ಸಂಸಾರ, ಮಕ್ಕಳು, ಅವರ ಓದು... ಸೇಡಂ ಹತ್ತಿರವೇ ಇತ್ತು. ಯಾವಾಗಲಾದರೂ ಹೋದರಾಯಿತು ಎನ್ನುವಷ್ಟು ಹತ್ತಿರ.

ಹೋದ ತಿಂಗಳು ಬಸ್ಸಿಳಿದು, ಹೋಗಬೇಕಿದ್ದ ಮದುವೆಗೂ ಮೊದಲು ಆ ಓಣಿಗೆ ಹೋದೆ. ಅತ್ತಿಯ ಮನೆಯ ಅಂಗಳದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ತೊಗರಿಬೇಳೆ ಕೇರುತ್ತಿದ್ದಳು. ಅಂದು ಎದೆಹಾಲು ಕುಡಿಯುತ್ತಿದ್ದ ಮಗನ ಹೆಂಡತಿ. ಅತ್ತಿ ತೀರಿಕೊಂಡು ಬಹಳ ವರ್ಷಗಳಾದವು ಎಂದಳು. ಕುಂದ್ರಿ ಎಂದು ಚಾಪೆ ಹಾಸಿ, ಚಹಾ ಇಟ್ಟು, ಅವಳೇ ಮಾತು ತೆಗೆದಳು.

“ನಮ್ಮತ್ತಿ ಭಾಳ ಛಲೋ ಮನಶ್ಯಾಳು ಇದ್ದಳ್ರಿ. ಆದ್ರ ಒಂದೇ ಒಂದು ನಮಗ ತಿಳೀಲಿಲ್ಲ ನೋಡ್ರಿ. ಯಾವ ಕೂಸಿನ ತಲಿನೂ ಮುಟ್ಟತಿದ್ದಿಲ್ಲ. ಎರಡು ಹೆಣ್ಣಮಕ್ಕಳು ನನ್ನವು, ಒಂದ ದಿನ ಎಣ್ಣಿ ಹಚ್ಚಲಿಲ್ಲ, ಬಾಚಲಿಲ್ಲ. ಕೇಳಿದ್ರ, ಆವಾಗ ಯಾರೋ ಮಾಸ್ತರ ಮಗಳಿಗಿ ಹೆಳಲ ಹಾಕೀನಿ, ಅದೇ ಸಾಕು ಅಂತಿದ್ಲು.”

ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು. ಅವಳು ಏಳಲು ಹೊರಟಳು.

“ಆ ಹುಡುಗಿ ನಾನೇರಿ,” ಎಂದೆ.

ಅವಳು ಅರ್ಧ ಎದ್ದವಳು ಹಾಗೇ ನಿಂತಳು. ನನ್ನ ಮುಖ ನೋಡಲಿಲ್ಲ, ಬೆಳ್ಳಗಾದ ನನ್ನ ತಲೆಯನ್ನು ನೋಡಿದಳು. ಚಹಾ ಒಲೆಯ ಮೇಲೆ ಚೆಲ್ಲಿ ಸುಯ್ಯೆಂದರೂ ಇಬ್ಬರೂ ಅತ್ತ ತಿರುಗಲಿಲ್ಲ.